ಕಾರವಾನ್ ಮಾಡಿಸುವವರು ತೂಕದಿಂದ ಶುರು ಮಾಡಿ

ಶೋರೂಮಿನಲ್ಲಿ ಕಾರವಾನ್ (ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಮನೆ) ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಹೋಗುವುದು ಸೋಫಾ ಬಟ್ಟೆ, ಕಪಾಟಿನ ಬಣ್ಣ, ಒಲೆಯ ಹೊಳಪಿನ ಕಡೆಗೆ. ಅದನ್ನೆಲ್ಲ ಆಮೇಲೆ ನೋಡಿದರೂ ನಡೆಯುತ್ತದೆ. ಮೊದಲು ಹೊರಗೆ ಬಂದು, ಖಾಲಿ ತೂಕ, ತುಂಬಿದಾಗಿನ ಗರಿಷ್ಠ ತೂಕ ಬರೆದ ಪ್ಲೇಟ್ ಎಲ್ಲಿದೆ ಎಂದು ಕೇಳಿ ಓದಿ. ಹೇಳಿ ಮಾಡಿಸುವ ಕಾರವಾನಿನಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು ತೂಕದ್ದು. ಬಟ್ಟೆ ಹಿಡಿಸದಿದ್ದರೆ ಬದಲಿಸಬಹುದು. ಗರಿಷ್ಠ ತೂಕ ಸಾಲದಾದರೆ ಆಕ್ಸಲ್, ಸ್ಪ್ರಿಂಗ್, ಟೈರು, ಬ್ರೇಕು, ಗಾಡಿಗೆ ಕಟ್ಟುವ ಕೊಂಡಿ (ಹಿಚ್) ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ.

ಒಂದು ಲೆಕ್ಕ ಹಾಕೋಣ. ಖಾಲಿ ತೂಕ 2,300 ಕೆಜಿ, ಗರಿಷ್ಠ ತೂಕ 2,800 ಕೆಜಿ ಎಂದಿದೆ ಎಂದುಕೊಳ್ಳಿ. ನೀವು ತುಂಬಬಹುದಾದದ್ದು 500 ಕೆಜಿ. ಕೇಳಲು ಬೇಕಾದಷ್ಟಾಯಿತು ಅನ್ನಿಸುತ್ತದೆ. 95 ಲೀಟರಿನ ಎರಡು ನೀರಿನ ಟ್ಯಾಂಕ್ ತುಂಬಿಸಿದರೆ 190 ಕೆಜಿ ಹೋಯಿತು. 9 ಕೆಜಿಯ ಎರಡು ಸಿಲಿಂಡರುಗಳ ಗ್ಯಾಸ್ 18 ಕೆಜಿ. ಉಳಿದದ್ದು 292. ಹೊರಚಾವಣಿ, ಎಸಿ, ಹೆಚ್ಚುವರಿ ಬ್ಯಾಟರಿ, ಸೈಕಲ್ ಸ್ಟ್ಯಾಂಡ್, ಎರಡನೇ ಸ್ಟೆಪ್ನಿ ಇವನ್ನೆಲ್ಲ ಡೀಲರ್ ಆಮೇಲೆ ಜೋಡಿಸಿ ಕೊಡುವುದಾದರೆ ಇನ್ನೊಂದು 150 ಕೆಜಿ ಕಳೆಯಿರಿ. ಕೊನೆಗೆ ಕೈಯಲ್ಲಿರುವುದು 142 ಕೆಜಿ. ನಾಲ್ಕು ಜನರ ಬಟ್ಟೆ, ಹಾಸಿಗೆ, ಪಾತ್ರೆ, ದಿನಸಿ, ಕುರ್ಚಿ, ಪೈಪು, ಟೂಲ್‌ಬಾಕ್ಸ್ ಎಲ್ಲ ಅದರೊಳಗೇ ಆಗಬೇಕು. ಆಗುವುದಿಲ್ಲ.

ಅದಕ್ಕೇ ಡೀಲರನ್ನು ಮೊದಲು ಕೇಳಬೇಕಾದದ್ದು, "ಈ ಖಾಲಿ ತೂಕದಲ್ಲಿ ಏನೇನು ಸೇರಿದೆ?" ಎಂದು. ಕ್ಯಾಟಲಾಗಿನ ಅಂಕಿ ಬಹಳ ಸಲ ಮೂಲ ಮಾದರಿಯದು, ನೀವು ಗುರುತು ಹಾಕಿದ ಹೆಚ್ಚುವರಿಗಳು ಅದರಲ್ಲಿರುವುದಿಲ್ಲ. ನಿಮ್ಮ ಪಟ್ಟಿಯ ಒಂದೊಂದು ವಸ್ತುವಿನ ಪಕ್ಕದಲ್ಲೂ ಅದರ ತೂಕ ಬರೆಸಿ, ಒಟ್ಟು ಕೂಡಿಸಿ, ನಿಮಗೆ ಬೇಕಾದ ಹೊರೆ ಉಳಿಯುತ್ತದೆಯೇ ನೋಡಿ. ಉಳಿಯದಿದ್ದರೆ ಹೆಚ್ಚಿನ ಸಾಮರ್ಥ್ಯದ ಆಕ್ಸಲ್, ಚಾಸಿಸ್ ಕೇಳುವ ಸಮಯ ಇದೇ.

ಇನ್ನು ಎಳೆಯುವ ಗಾಡಿ. ಜಾಹೀರಾತಿನಲ್ಲಿ 3,500 ಕೆಜಿ ಎಳೆಯುತ್ತದೆ ಎಂದಿದ್ದರೆ ಅಷ್ಟಕ್ಕೇ ನಂಬಬೇಡಿ, ಗಾಡಿಯ ಕೈಪಿಡಿ ತೆಗೆದು ನಾಲ್ಕು ಅಂಕಿ ಹುಡುಕಿ: ಎಳೆಯುವ ಮಿತಿ, ಟೋ ಬಾಲ್ (ಕಾರವಾನನ್ನು ಸಿಕ್ಕಿಸುವ, ಗಾಡಿಯ ಹಿಂದಿನ ಗುಂಡು) ಮೇಲೆ ಬೀಳುವ ಭಾರದ ಮಿತಿ, ಗಾಡಿಯ ಗರಿಷ್ಠ ತೂಕ, ಗಾಡಿ ಮತ್ತು ಕಾರವಾನ್ ಸೇರಿದ ಒಟ್ಟು ಮಿತಿ. ನಾಲ್ಕರೊಳಗೂ ಒಟ್ಟಿಗೇ ಇರಬೇಕು. ಒಟ್ಟು ಮಿತಿ 6,000 ಕೆಜಿ ಇದ್ದು, 3,500 ಕೆಜಿಯ ಕಾರವಾನ್ ಕಟ್ಟಿದಿರಿ ಅನ್ನಿ. ಗಾಡಿಗೆ ಉಳಿದದ್ದು 2,500. ಖಾಲಿ ಗಾಡಿಯೇ 2,300 ಕೆಜಿ ಇದ್ದರೆ ಜನ, ಸಾಮಾನು ಎರಡೂ ಸೇರಿ 200 ಕೆಜಿ ದಾಟುವಂತಿಲ್ಲ.

ಟೋ ಬಾಲ್ ಮೇಲೆ ಬೀಳುವ ಭಾರ ತುಂಬಿದ ಕಾರವಾನಿನ ತೂಕದ ಶೇ. 10ರ ಆಸುಪಾಸಿನಲ್ಲಿ ಇರುವಂತೆ ನೋಡಿಕೊಳ್ಳಿ. 2,800ಕ್ಕೆ ಸುಮಾರು 280. ಇದು ತೀರಾ ಕಡಿಮೆಯಾದರೆ ವೇಗದಲ್ಲಿ ಕಾರವಾನಿನ ಹಿಂಭಾಗ ತೂಗಾಡತೊಡಗುತ್ತದೆ, ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಈ 280 ಕೆಜಿ ಗಾಡಿ ಹೊರುವ ಹೊರೆಯಲ್ಲೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ವಿನ್ಯಾಸ ಕೂಡ ಇಲ್ಲೇ ತೀರ್ಮಾನವಾಗುವುದು. ಮುಂದೆ ದೊಡ್ಡ ಟೂಲ್‌ಬಾಕ್ಸ್, ಹಿಂದೆ ಎರಡು ಸ್ಟೆಪ್ನಿ ಮತ್ತು ಸೈಕಲ್‌ಗಳನ್ನು ಇಟ್ಟರೆ ಬಾಲ್ ಭಾರ ಸರಿಯಾಗಿಯೇ ಬರಬಹುದು. ಆದರೆ ಎರಡೂ ತುದಿಯಲ್ಲಿ ಭಾರ ಕೂತ ಕಾರವಾನ್ ಒಮ್ಮೆ ತೂಗಾಡಲು ಶುರುವಾದರೆ ಬೇಗ ನಿಲ್ಲುವುದಿಲ್ಲ. ನೀರಿನ ಟ್ಯಾಂಕು, ಬ್ಯಾಟರಿ, ಪಾತ್ರೆಯ ಡ್ರಾಯರು ಆಕ್ಸಲ್ಲಿನ ಆಸುಪಾಸಿನಲ್ಲೇ ಇರಲಿ. ಟ್ಯಾಂಕ್ ಆಕ್ಸಲ್ಲಿಗಿಂತ ಮುಂದಿದ್ದರೆ ನೀರು ಖಾಲಿಯಾದಂತೆಲ್ಲ ಬಾಲ್ ಭಾರ ಇಳಿಯುತ್ತದೆ, ಹಿಂದಿದ್ದರೆ ಏರುತ್ತದೆ. ನಕ್ಷೆಯಲ್ಲಿ ಟ್ಯಾಂಕಿನ ಜಾಗ ತೋರಿಸದ ಡೀಲರಿಂದ ಅದನ್ನು ಬರೆಸಿಕೊಂಡೇ ಮುಂದೆ ಹೋಗಿ.

ಒಳಗಿನ ವಿನ್ಯಾಸಕ್ಕೆ ಒಂದೇ ಸಲಹೆ: ನಕ್ಷೆಯ ಅಳತೆಯಂತೆ ಮನೆಯ ನೆಲದ ಮೇಲೆ ಟೇಪ್ ಅಂಟಿಸಿ, ಅದರೊಳಗೆ ಒಂದು ಸಂಜೆ ಓಡಾಡಿ. ಒಬ್ಬರು ಒಲೆ ಮುಂದೆ ನಿಂತಾಗ ಇನ್ನೊಬ್ಬರು ದಾಟಬಹುದೇ, ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆಯುತ್ತದೆಯೇ, ಗೋಡೆ ಕಡೆ ಮಲಗಿದವರು ರಾತ್ರಿ ಎದ್ದು ಬರುವುದು ಹೇಗೆ ಎಂಬುದೆಲ್ಲ ಆಗಲೇ ಗೊತ್ತಾಗುತ್ತದೆ.

ಕರೆಂಟಿನ ಲೆಕ್ಕವನ್ನು ಡೀಲರಿಗೆ ಬಿಡಬೇಡಿ. ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಇದೆ ಎಂಬುದನ್ನು ಆಂಪ್‌ಅವರ್‌ನಲ್ಲಿ ಅಳೆಯುತ್ತಾರೆ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜಿಗೆ ದಿನಕ್ಕೆ 50 ಆಂಪ್‌ಅವರ್, ದೀಪ, ಪಂಪು, ಫ್ಯಾನು, ಫೋನುಗಳಿಗೆ 25 ಎಂದು ಹಿಡಿದರೆ ದಿನಕ್ಕೆ 75. ಎರಡು ದಿನ ಮೋಡ ಕವಿದರೆ 150. ಎಜಿಎಂ (ಸೀಸ-ಆಮ್ಲದ ಒಂದು ಬಗೆ) ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕುಗ್ಗುತ್ತದೆ, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ. 80ರಷ್ಟನ್ನು ನಿರಾತಂಕವಾಗಿ ಬಳಸಬಹುದು. ಅಂದರೆ ಲಿಥಿಯಂ ಆದರೆ 200 ಆಂಪ್‌ಅವರ್ ಸಾಕು, ಎಜಿಎಂ ಆದರೆ 300 ಬೇಕು, ತೂಕವೂ ಸುಮಾರು ಮೂರು ನಾಲ್ಕು ಪಟ್ಟು. 2,000 ವ್ಯಾಟಿನ ಇನ್ವರ್ಟರ್ ಪೂರ್ತಿ ದುಡಿಯುವಾಗ 12 ವೋಲ್ಟಿನಲ್ಲಿ 170 ಆಂಪಿಗೂ ಹೆಚ್ಚು ಎಳೆಯುತ್ತದೆ. ಕೇಬಲ್ ಸಣ್ಣದಿದ್ದರೆ ಬಿಸಿಯಾಗುತ್ತದೆ, ವೋಲ್ಟೇಜ್ ಬಿದ್ದು ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಕೇಬಲ್ ದಪ್ಪ, ಬ್ಯಾಟರಿ ಪಕ್ಕದ ಫ್ಯೂಸಿನ ಅಳತೆ, ಪೂರ್ತಿ ವೈರಿಂಗ್ ನಕ್ಷೆ ಮೂರನ್ನೂ ಕೇಳಿ ಪಡೆಯಿರಿ.

ಚೌಕಟ್ಟು ಮರದ್ದೋ ಅಲ್ಯೂಮಿನಿಯಂನದ್ದೋ ಕಾಂಪೊಸಿಟ್ (ಪದರಗಳನ್ನು ಅಂಟಿಸಿ ಮಾಡಿದ) ಹಲಗೆಯದೋ ಎಂಬ ವಾದ ಮುಗಿಯುವಂಥದ್ದಲ್ಲ. ಮರವನ್ನು ಸುಲಭವಾಗಿ ರಿಪೇರಿ ಮಾಡಬಹುದು, ಆದರೆ ಒಳಗೆ ನೀರಿಳಿದರೆ ಸದ್ದಿಲ್ಲದೆ ಕೊಳೆಯುತ್ತದೆ. ಅಲ್ಯೂಮಿನಿಯಂ ಕೊಳೆಯುವುದಿಲ್ಲ, ಬೆಸುಗೆ ಬಿರುಕು ಬಿಡಬಹುದು. ಕಾಂಪೊಸಿಟ್‌ನಲ್ಲಿ ಕೀಲುಗಳು ಕಡಿಮೆ, ಆದರೆ ಕಿಟಕಿಗೆ ಕೊರೆದ ಅಂಚು ಸರಿಯಾಗಿ ಮುಚ್ಚಿರಬೇಕು. ನಮ್ಮ ಅಭಿಪ್ರಾಯದಲ್ಲಿ ಚೌಕಟ್ಟಿಗಿಂತ ಕಟ್ಟಿದವರ ಕೈಗೆಲಸ ಮುಖ್ಯ. ಅರ್ಧ ಕಟ್ಟಿದ ಒಂದು ಕಾರವಾನನ್ನು ಕಾರ್ಖಾನೆಯಲ್ಲಿ ತೋರಿಸಲು ಕೇಳಿ. ವೈರು ಚಾಸಿಸ್ಸಿನ ತೂತಿನೊಳಗೆ ಹಾದುಹೋಗುವ ಜಾಗದಲ್ಲಿ ರಬ್ಬರ್ ಬಳೆ ಇದೆಯೇ ನೋಡಿ. ಇಲ್ಲದಿದ್ದರೆ ಕುಲುಕಾಟಕ್ಕೆ ಕಬ್ಬಿಣದ ಅಂಚು ವೈರಿನ ಮೇಲುಸಿಪ್ಪೆಯನ್ನು ಕತ್ತರಿಸಿ ಶಾರ್ಟ್ ಆಗುತ್ತದೆ. ಇಂಥ ಚಿಕ್ಕ ಬಳೆಯನ್ನು ಬಿಟ್ಟವರು ಗೋಡೆಯ ಒಳಗೆ ಇನ್ನೇನು ಬಿಟ್ಟಿದ್ದಾರೋ.

ಆರ್ಡರ್ ಪತ್ರದಲ್ಲಿ ಇಲ್ಲದ್ದು ಕಾರವಾನಿನಲ್ಲೂ ಇರುವುದಿಲ್ಲ. ಫ್ರಿಜ್, ಎಸಿ, ಬ್ಯಾಟರಿ, ಸಸ್ಪೆನ್ಷನ್ ಪ್ರತಿಯೊಂದಕ್ಕೂ ಕಂಪನಿ ಮತ್ತು ಮಾಡೆಲ್ ನಂಬರ್ ಬರೆಸಿ. "ಅಥವಾ ಅದಕ್ಕೆ ಸಮಾನವಾದದ್ದು" ಎಂಬ ಸಾಲು ಇದ್ದರೆ ಅದರ ಮುಂದೆ "ಗ್ರಾಹಕರ ಲಿಖಿತ ಒಪ್ಪಿಗೆಯ ಮೇರೆಗೆ ಮಾತ್ರ" ಎಂದು ಸೇರಿಸದೆ ಸಹಿ ಹಾಕಬೇಡಿ. ಸೇಲ್ಸ್‌ನವರು ಬಾಯಲ್ಲಿ ಒಪ್ಪಿದ್ದನ್ನು ಅದೇ ದಿನ ಇಮೇಲ್ ಮಾಡಿ ಉತ್ತರ ತರಿಸಿಕೊಳ್ಳಿ. ನಡುವೆ ಏನಾದರೂ ಬದಲಿಸಿದರೆ ಬೆಲೆ, ತೂಕ, ತಯಾರಾಗುವ ದಿನ ಮೂರರ ಮೇಲೂ ಏನು ಪರಿಣಾಮ ಎಂದು ಬರೆದುಕೊಡಲಿ. ಖಾಲಿ ತೂಕ ಹೇಳಿದ್ದಕ್ಕಿಂತ ಹೆಚ್ಚಾದರೆ, ತಯಾರಿ ತಡವಾದರೆ ಏನು ಪರಿಹಾರ ಎಂಬುದೂ ಪತ್ರದಲ್ಲಿರಲಿ. ವಾರಂಟಿ ಕೊಡುವವರು ಡೀಲರೋ ಕಟ್ಟಿದವರೋ, ದೂರದ ಊರಿನಲ್ಲಿ ಕೆಟ್ಟರೆ ರಿಪೇರಿ ಯಾರಿಂದ, ಮಣ್ಣುರಸ್ತೆಯಲ್ಲಿ ಓಡಿಸಿದರೆ ವಾರಂಟಿ ಉಳಿಯುತ್ತದೆಯೇ ಎಂದೂ ಕೇಳಿ. ಹಣವನ್ನು ಕಂತಿನಲ್ಲಿ ಕೊಡುವುದಾದರೆ ಆಯಾ ಹಂತದ ಫೋಟೊ ನೋಡಿಯೇ ಕೊಡಿ. ಕೊನೆಯ ಕಂತು ಮಾತ್ರ ಪರೀಕ್ಷೆ ಮುಗಿಯುವ ತನಕ ನಿಮ್ಮ ಕೈಯಲ್ಲೇ ಇರಬೇಕು.

ಆ ಪರೀಕ್ಷೆಗೆ ಹಗಲಿನಲ್ಲಿ ಅರ್ಧ ದಿನ ಇಟ್ಟುಕೊಳ್ಳಿ. ಫ್ರಿಜ್ಜನ್ನು ಹಿಂದಿನ ದಿನವೇ ಆನ್ ಮಾಡಿಡಲು ಹೇಳಿ. ಕಾರವಾನನ್ನು ವೇಬ್ರಿಡ್ಜ್‌ಗೆ ಒಯ್ದು, ಗಾಡಿಯಿಂದ ಬಿಡಿಸಿ, ಬರೀ ಅದನ್ನೇ ತೂಗಿಸಿ ಚೀಟಿ ಪಡೆಯಿರಿ. ಆಮೇಲೆ ಕಿಟಕಿ, ಚಾವಣಿಯ ಹ್ಯಾಚು, ಮೂಲೆಗಳ ಮೇಲೆ ಹತ್ತಿಪ್ಪತ್ತು ನಿಮಿಷ ಪೈಪಿನಿಂದ ನೀರು ಬಿಟ್ಟು, ಒಳಗೆ ಟಾರ್ಚ್ ಹಿಡಿದು ಕಪಾಟಿನ ಮೇಲ್ಮೂಲೆ, ಹಾಸಿಗೆಯ ಅಡಿ, ಕಿಟಕಿಯ ಕೆಳಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಟ್ಯಾಂಕ್ ತುಂಬಿಸಿ, ಪಂಪ್ ಆನ್ ಮಾಡಿ, ನಲ್ಲಿಗಳನ್ನೆಲ್ಲ ಮುಚ್ಚಿ ಸುಮ್ಮನೆ ಕೂತು ಕಿವಿಗೊಡಿ. ಯಾರೂ ನಲ್ಲಿ ತೆರೆಯದಿದ್ದರೂ ಕೆಲವು ನಿಮಿಷಕ್ಕೊಮ್ಮೆ ಪಂಪ್ ಗುರ್ರೆಂದು ನಿಂತರೆ ಎಲ್ಲೋ ಒತ್ತಡ ಇಳಿಯುತ್ತಿದೆ ಎಂದೇ ಅರ್ಥ. ಹೆಚ್ಚಾಗಿ ಸಿಂಕಿನ ಕೆಳಗಿನ ಕೀಲೋ ಗೀಸರಿನ ಹಿಂದಿನದೋ ತೊಟ್ಟಿಕ್ಕುತ್ತಿರುತ್ತದೆ. ಗ್ಯಾಸ್ ಕೀಲುಗಳಿಗೆ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಬರಬಾರದು. ಕಾರವಾನ್ ಗಾಡಿಯಿಂದ ಕಳಚಿಕೊಂಡರೆ ತಾನೇ ಹಿಡಿಯುವ ತುರ್ತು ಬ್ರೇಕಿನ ಪಿನ್ ಇದ್ದರೆ ಎಳೆದು ನೋಡಿ, ಚಕ್ರಗಳು ಕಚ್ಚಿಕೊಳ್ಳಬೇಕು. ಕಂಡ ದೋಷಗಳನ್ನು ಫೋಟೊ ಸಮೇತ ಪಟ್ಟಿ ಮಾಡಿ, ಪ್ರತಿ ಸಾಲಿನ ಮುಂದೆ ಸರಿಪಡಿಸುವ ತಾರೀಖು ಬರೆಸಿ ಡೀಲರ್ ಸಹಿ ಪಡೆಯಿರಿ.

ಮೊದಲ ಪ್ರವಾಸ ಡೀಲರಿನ ಸಮೀಪದಲ್ಲೇ ಎರಡು ರಾತ್ರಿಯದ್ದಾಗಿರಲಿ, ನೀರು, ಗ್ಯಾಸು, ಬ್ಯಾಟರಿ ಎಲ್ಲವನ್ನೂ ಬಳಸಿ. ಹೊಸ ಚಕ್ರದ ನಟ್ಟುಗಳು ಕೂತಂತೆಲ್ಲ ಸಡಿಲಾಗುತ್ತವೆ, ಆದ್ದರಿಂದ 50 ಕಿಮೀ ಆದ ಮೇಲೊಮ್ಮೆ, 100ಕ್ಕೊಮ್ಮೆ ಕೈಪಿಡಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿ ಮಾಡಿ. ಪ್ರತಿ ಸಲ ನಿಲ್ಲಿಸಿದಾಗ ಅಂಗೈ ಹಿಂಭಾಗವನ್ನು ಒಂದೊಂದು ಚಕ್ರದ ನಡುಭಾಗದ (ಹಬ್) ಹತ್ತಿರ ಹಿಡಿದು ನೋಡಿ. ಎಲ್ಲವೂ ಒಂದೇ ಸಮ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಕಾವು ಹೊಡೆಯುತ್ತಿದ್ದರೆ ಬೇರಿಂಗ್ ಅತಿ ಬಿಗಿಯಾಗಿದೆ ಅಥವಾ ಬ್ರೇಕ್ ಉಜ್ಜುತ್ತಿದೆ, ಅಲ್ಲಿಂದ ಮುಂದೆ ಎಳೆಯದೆ ಡೀಲರಿಗೆ ಫೋನ್ ಮಾಡಿ.