ಹಡಗಿಗೆ ಕಾಯದ ಒಲೆ

ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಪಾಲು ಹೊರಗಿನಿಂದ ಬರುತ್ತದೆ. ಅಡುಗೆ ಗ್ಯಾಸಿನಲ್ಲೂ ಅರ್ಧಕ್ಕಿಂತ ಹೆಚ್ಚು ಆಮದೇ. ಅದರಲ್ಲಿ ಬಹುಪಾಲು ಕೊಲ್ಲಿ ದೇಶಗಳಿಂದ, ಹಾರ್ಮುಜ್ ಜಲಸಂಧಿ ದಾಟಿ ಬರಬೇಕು. ಕಷ್ಟಕಾಲಕ್ಕೆ ಇರಲಿ ಅಂತ ನೆಲದಡಿ ಬಂಡೆ ಕೊರೆದು ತೈಲ ತುಂಬಿಡುವ ಜಾಗ ಮಾಡಿದ್ದಾರೆ. ವಿಶಾಖಪಟ್ಟಣ, ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು ಸೇರಿ 53.3 ಲಕ್ಷ ಟನ್. ಅದರಲ್ಲಿ 40 ಲಕ್ಷ ಟನ್ ಹಿಡಿಯುವ ಜಾಗ ನಮ್ಮ ಘಟ್ಟದ ಕೆಳಗೇ ಇದೆ. ಆದರೂ ಎಲ್ಲ ತುಂಬಿದ್ದರೆ ಸರ್ಕಾರದ ಲೆಕ್ಕದಲ್ಲಿ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕು, ಅಷ್ಟೇ. ಅದೂ ಕಚ್ಚಾ ತೈಲ, ಸಿಲಿಂಡರಿನ ಗ್ಯಾಸಲ್ಲ.

ನಾವು ಶಿರಸಿ ಕಡೆಯ ಅಡಿಕೆ ಬೆಳೆಗಾರರು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ಸಿಲಿಂಡರ್ ಸಾವಿರ ರೂಪಾಯಿ ದಾಟಿದಾಗ, ಮನೆಯಲ್ಲಿ ಎಲ್ಲೆಲ್ಲಿ ಎಣ್ಣೆ ಸುಡುತ್ತಿದೆ ಅಂತ ಕೂತು ಬರೆದೆವು. ಅಡುಗೆ ಒಲೆ, ತೋಟದ ಡೀಸೆಲ್ ಪಂಪು, ಕಳೆ ಕೊಚ್ಚುವ ಯಂತ್ರ, ಬೈಕು, ಟಿಲ್ಲರ್. ಕೊನೆಗೆ ಯೂರಿಯಾ ಚೀಲವನ್ನೂ ಸೇರಿಸಿದೆವು. ಮಂಗಳೂರಿನ ಯೂರಿಯಾ ಕಾರ್ಖಾನೆ ಬಹಳ ಕಾಲ ಕಚ್ಚಾ ತೈಲದಿಂದ ತೆಗೆಯುವ ನಾಫ್ತಾದಿಂದಲೇ ಗೊಬ್ಬರ ಮಾಡುತ್ತಿತ್ತು. 2021ರಲ್ಲಿ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಉದ್ಘಾಟನೆಯಾಗುವ ಹೊತ್ತಿಗೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಆ ಅನಿಲವೂ ಹಡಗಿನಲ್ಲೇ ಬರುತ್ತದೆ.

ಮೊದಲು ಹಿಡಿದದ್ದು ಅಡುಗೆಮನೆ. ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸ್ ಹೊಸದೇನಲ್ಲ. ಅತ್ತೆಯವರ ಕಾಲದಲ್ಲಿ ಕಟ್ಟಿಸಿದ ದೀನಬಂಧು ಮಾದರಿಯ ಗುಂಡಿ ನಮ್ಮಲ್ಲೂ ಇತ್ತು. ದನ ಕಮ್ಮಿಯಾಗಿ ನಿಂತುಹೋಗಿತ್ತು. ಪೂರ್ತಿ ಇಟ್ಟಿಗೆಯ ಗುಮ್ಮಟ, ಕಬ್ಬಿಣದ ಡ್ರಮ್ಮಿಲ್ಲ, ಹಾಗಾಗಿ ತುಕ್ಕಿನ ಕಾಟವಿಲ್ಲ. ಹಳೆಯ ಮೇಸ್ತ್ರಿಯನ್ನೇ ಕರೆಸಿದೆವು. ತಳದಲ್ಲಿ ಕೂತಿದ್ದ ಮಣ್ಣು, ಕಸ ತೆಗೆಸಿ, ಬಿರುಕು ಮುಚ್ಚಿಸಿ, ಮತ್ತೆ ಸಗಣಿ ತುಂಬಿದೆವು. ಕೊಟ್ಟಿಗೆಗೆ ಎರಡು ಆಕಳು ತಂದೆವು.

ದಿನಕ್ಕೆ ಎರಡು ಘನ ಮೀಟರ್ ಗ್ಯಾಸ್ ಕೊಡುವ ಗುಂಡಿಗೆ ದಿನಾ ಸುಮಾರು 50 ಕಿಲೋ ಸಗಣಿ ಬೇಕು. ದೊಡ್ಡ ದನವಾದರೆ ನಾಲ್ಕೈದು ಸಾಕು. ನಮ್ಮ ಕಡೆಯ ಸಣ್ಣ ತಳಿ ಮಲೆನಾಡು ಗಿಡ್ಡವಾದರೆ ಇನ್ನೂ ಬೇಕು, ಅವು ಬೆಟ್ಟಕ್ಕೆ ಮೇಯಲು ಹೋದರೆ ಅರ್ಧ ಸಗಣಿ ಅಲ್ಲೇ ಬೀಳುತ್ತದೆ. ಪೂರ್ತಿ ಗ್ಯಾಸ್ ಬಂದರೆ ತಿಂಗಳಿಗೆ ಎರಡು ಸಿಲಿಂಡರಿಗೆ ಸ್ವಲ್ಪ ಕಮ್ಮಿ ಅನ್ನುವಷ್ಟು ಉರಿ.

ಬೆಳಿಗ್ಗೆ ಸಗಣಿಗೆ ಅಷ್ಟೇ ನೀರು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕದಡುತ್ತೇನೆ. ಹುಲ್ಲಿನ ಕಡ್ಡಿ, ದರಕು (ಒಣ ಎಲೆ), ಕಲ್ಲು ಕೈಗೆ ಸಿಕ್ಕಿದ್ದನ್ನೆಲ್ಲ ಆರಿಸಿ ಬಿಸಾಕಬೇಕು. ಇಲ್ಲದಿದ್ದರೆ ಒಳಗೆ ಕೆನೆ ಕಟ್ಟುತ್ತದೆ. "ಅಕ್ಕಾ, ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಮಾತ್ರ ಇದರ ಹೊಟ್ಟೆಗೆ ಹೋಗಬಾರದು" ಅಂತ ಮೇಸ್ತ್ರಿ ಹೇಳಿದ್ದರು. ಸಗಣಿ ಕೊಳೆಸುವ ಜೀವಾಣು ಅದರಿಂದ ಸಾಯುತ್ತವೆ. ಹೊಸದಾಗಿ ತುಂಬಿದಾಗ ಬರುವ ಮೊದಲ ಗ್ಯಾಸ್ ಸರಿಯಾಗಿ ಉರಿಯುವುದಿಲ್ಲ, ಇಂಗಾಲದ ಡೈಆಕ್ಸೈಡ್, ಗಾಳಿ ಬೆರೆತಿರುತ್ತದೆ. ಒಲೆ ಹಚ್ಚದೆ ಅದನ್ನು ಹೊರಗೆ ಬಿಟ್ಟುಬಿಡಬೇಕು. ಒಲೆಯೂ ಬೇರೆ. ಈ ಗ್ಯಾಸಿಗೆ ಒತ್ತಡ ಕಮ್ಮಿ, ಬರ್ನರಿನ ತೂತು ದೊಡ್ಡದಿರಬೇಕು. ಸಿಲಿಂಡರಿನ ಒಲೆಗೆ ಸುಮ್ನೆ ಪೈಪ್ ಸಿಕ್ಕಿಸಿದರೆ ಆಗುವುದಿಲ್ಲ. ಉರಿ ಬಿಟ್ಟುಬಿಟ್ಟು ಕುಣಿಯುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ ಅಂತ ಅರ್ಥ. ಪೈಪಿಗೆ ಇಳಿಜಾರು ಕೊಟ್ಟು, ತಗ್ಗಿನಲ್ಲಿ ನೀರು ಬಿಡುವ ಕಾಕ್ ಹಾಕಿಸಿಕೊಂಡಿದ್ದೇವೆ. ಮಳೆಗಾಲದಲ್ಲಿ ತಣ್ಣಗಾಗಿ ಗ್ಯಾಸ್ ಕಡಿಮೆಯಾಗುತ್ತದೆ. ಆಗ ಬಚ್ಚಲ ಹಂಡೆಯ ಉಗುರುಬೆಚ್ಚಗಿನ ನೀರಲ್ಲಿ ಸಗಣಿ ಕದಡುತ್ತೇನೆ. ಆದರೂ ಆ ತಿಂಗಳುಗಳಲ್ಲಿ ಸಿಲಿಂಡರ್ ಬೇಕೇ ಬೇಕು. ಅದೊಂದು ಮೂಲೆಯಲ್ಲಿ ಇದ್ದೇ ಇರುತ್ತದೆ.

ನನಗೆ ಗ್ಯಾಸಿಗಿಂತ ಹೆಚ್ಚು ಬೆಲೆಯದು ಅನ್ನಿಸಿದ್ದು ಹೊರಗೆ ಬರುವ ಬಗ್ಗಡ. ಸಗಣಿಯಲ್ಲಿದ್ದ ಸಾರಜನಕ ಅದರಲ್ಲಿ ಉಳಿದಿರುತ್ತದೆ. ದರಕಿನ ಮೇಲೆ ಸುರಿದು, ಪದರ ಪದರವಾಗಿ ಕೊಳೆಸಿ ಅಡಿಕೆ ಬುಡಕ್ಕೆ ಹಾಕುತ್ತೇವೆ. ಯೂರಿಯಾ ತರುವುದು ತೀರಾ ಕಮ್ಮಿಯಾಗಿದೆ.

ಪಂಪಿನ ವಿಷಯ ಸುಲಭವಾಯಿತು. ತೋಟಕ್ಕೆ ನೀರು ಬೇಕಾಗುವುದು ಬೇಸಿಗೆಯಲ್ಲಿ, ಬಿಸಿಲಿರುವುದೂ ಆಗಲೇ. ಕುಸುಮ್ ಯೋಜನೆಯ ಸಬ್ಸಿಡಿಯಲ್ಲಿ ಸೋಲಾರ್ ಪಂಪು ಹಾಕಿಸಿದೆವು. ಒಂದೇ ತಲೆನೋವು, ಅಡಿಕೆ ತೋಟ ತಗ್ಗಿನಲ್ಲಿ, ಪೂರಾ ನೆರಳು. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಸಾಲಿನಲ್ಲಿರುವ ಉಳಿದವೂ ಸೊರಗುತ್ತವೆ. ಹಾಗಾಗಿ ಗದ್ದೆಯ ಬದಿಯಲ್ಲಿ ನಿಲ್ಲಿಸಿ ಅಲ್ಲಿಂದ ವೈರು ಎಳೆಸಿದೆವು. ವೈರಿನ ಖರ್ಚು ಬೇರೆಯೇ ಬಂತು. ಡೀಸೆಲ್ ಪಂಪು ಮಾರಿಬಿಟ್ಟೆವು. ಟಿಲ್ಲರ್, ಬೈಕು ಇನ್ನೂ ಎಣ್ಣೆಯಲ್ಲೇ ಓಡುತ್ತಿವೆ.

ನನಗೆ ನಿಜವಾಗಿ ಭಯ ಆಗುವುದು ಕೊಟ್ಟಿಗೆಗಳು ಖಾಲಿಯಾಗುವುದನ್ನು ನೋಡಿದಾಗ. ಮಕ್ಕಳು ಬೆಂಗಳೂರಲ್ಲಿ, ಹಿರಿಯರಿಗೆ ಕೈಲಾಗುವುದಿಲ್ಲ, ದನ ಮಾರುತ್ತಾರೆ. ದನ ಹೋದ ಮನೆಯಲ್ಲಿ ಗುಂಡಿ ಒಣಗುತ್ತದೆ, ಆ ಮನೆ ಮತ್ತೆ ಹಡಗಿಗೆ ಕಾಯುತ್ತದೆ. ಹೊಸ ಗುಂಡಿ ಕಟ್ಟಲು ಸಬ್ಸಿಡಿ ಇದೆ, ಹಳೆಯದನ್ನು ಎಬ್ಬಿಸಲು ನಮಗೆ ಏನೂ ಸಿಗಲಿಲ್ಲ. ಬಿರುಕು ಬಿಟ್ಟ ಗುಂಡಿ ರಿಪೇರಿಗೆ ಸಹಾಯ, ಎರಡು ಮೂರು ಮನೆ ಸೇರಿ ಒಂದು ಗುಂಡಿ ನಡೆಸಲು ಅವಕಾಶ, ಈ ಕೆಲಸ ಕಲಿಯಲು ಬರುವ ಹುಡುಗರಿಗೆ ತರಬೇತಿ, ಇಷ್ಟನ್ನು ಗ್ರಾಮಸಭೆಯಲ್ಲಿ ಕೇಳುತ್ತಲೇ ಇದ್ದೇನೆ. ನಮ್ಮ ಮೇಸ್ತ್ರಿಗೆ ವಯಸ್ಸಾಯಿತು. ಗುಮ್ಮಟ ಕಟ್ಟಲು ಬಲ್ಲವರು ಈ ಸುತ್ತಿನಲ್ಲಿ ಈಗ ಅವರೊಬ್ಬರೇ.