ಹ್ಯಾಂಡಲ್ ಫೋನಿನ ಕಾಲದಲ್ಲಿ ನಾನು ಲೈನ್ ಕೊಡುತ್ತಿದ್ದೆ

1981ರಲ್ಲಿ ಮಲೆನಾಡಿನ ಒಂದು ಸಣ್ಣ ಊರಿನ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದೆ. ಆಗ ಅಂಚೆ, ತಂತಿ, ಫೋನು ಎಲ್ಲ ಒಂದೇ ಇಲಾಖೆ. ಪೋಸ್ಟಾಫೀಸಿನ ಹಿಂದಿನ ಕೋಣೆಯಲ್ಲಿ 50 ಲೈನಿನ ಬೋರ್ಡು. ಅಡಿಕೆ ಮಂಡಿ, ಆಸ್ಪತ್ರೆ, ಪೊಲೀಸ್ ಸ್ಟೇಷನ್, ಕೆಲವು ತೋಟದ ಮನೆಗಳು. ಊರಲ್ಲಿ ಫೋನು ಇದ್ದದ್ದು ಅಷ್ಟು ಕಡೆಯೇ.

ಯಾರಾದರೂ ಹ್ಯಾಂಡಲ್ ತಿರುಗಿಸಿದರೆ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ಪಂತ ಬೀಳುತ್ತಿತ್ತು. ಅಲ್ಲಿಗೆ ಪ್ಲಗ್ ಚುಚ್ಚಿ 'ನಂಬರ್ ಪ್ಲೀಸ್' ಅನ್ನಬೇಕು. ಅವರು ನಂಬರ್ ಹೇಳಿದರೆ ಕೇಳಿ! 'ಡಾಕ್ಟ್ರ ಮನೆ ಕೊಡಮ್ಮಾ' ಅನ್ನೋರು. ಜೋಡಿ ಪ್ಲಗ್ಗನ್ನು ಡಾಕ್ಟರ ನಂಬರಿಗೆ ಚುಚ್ಚಿ ರಿಂಗ್ ಕೊಡುತ್ತಿದ್ದೆ. ಮಾತು ಮುಗಿದ ಮೇಲೆ ಮತ್ತೊಮ್ಮೆ ಹ್ಯಾಂಡಲ್ ತಿರುಗಿಸಬೇಕಿತ್ತು. ಜಾಸ್ತಿ ಜನ ಮರೆಯುತ್ತಿದ್ದರು. ಅದಕ್ಕೇ ಆಗಾಗ ಕೀ ಒತ್ತಿ, ಮುಗಿಯಿತಾ ಅಂತ ಕೇಳಿ ನೋಡಬೇಕಾಗುತ್ತಿತ್ತು. ಕದ್ದು ಕೇಳ್ತಾಳೆ ಅಂತ ಕೆಲವರು ಆಡಿಕೊಂಡರು. ನನಗೆ ತುಂಬಾ ನೋವಾಗಿತ್ತು.

ಹಿರಿಯ ಲೈನ್‌ಮನ್ ಒಬ್ಬರು ಕಲಿಸಿದ್ದನ್ನು ಮರೆಯಲಾರೆ. ಈ ಫೋನುಗಳಲ್ಲಿ ನಮ್ಮ ದನಿಯನ್ನು ಕಳಿಸುವ ಕರೆಂಟು ಮನೆಯಲ್ಲೇ ಇಟ್ಟ ಎರಡು ಸೆಲ್‌ಗಳದ್ದು. ಗಂಟೆ ಹೊಡೆಸುವ ಕರೆಂಟು ಹ್ಯಾಂಡಲ್ ತಿರುಗಿಸಿದಾಗ ಹುಟ್ಟುವಂಥದ್ದು. ಮುಚ್ಚಳ ಸರಿಯಾಗಿ ಬಿದ್ದು, ನನ್ನ ಮಾತು ಅವರಿಗೆ ಕೇಳಿ, ಅವರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗಿದ್ದರೆ ಸೆಲ್ ಮುಗಿದಿದೆ ಅಂತ ಲೆಕ್ಕ. ಎರಡೂ ಕಡೆ ದನಿ ಕುಗ್ಗಿ ಸರಸರ ಸದ್ದು ಬಂದರೆ ಎಲ್ಲೋ ತಂತಿಗೆ ಕೊಂಬೆ ತಾಗಿದೆ. ಇಷ್ಟು ಹೇಳಿ ಕಳಿಸಿದರೆ ಸಾಕು, ಅವರು ಜಡಿಮಳೆಯಲ್ಲಿ ಸುಮ್ನೆ ಕಂಬ ಕಂಬ ಅಲೆಯುವುದು ತಪ್ಪುತ್ತಿತ್ತು.

ಬೆಂಗಳೂರಿಗೆ ಟ್ರಂಕ್ ಕಾಲ್, ಅಂದರೆ ಆಪರೇಟರ್ ಮೂಲಕ ಪರಊರಿಗೆ ಮಾಡುವ ಕರೆ, ಬೇಕೆಂದರೆ ಮೊದಲು ಶಿವಮೊಗ್ಗ ಸಿಗಬೇಕಿತ್ತು. ಮೂರು ನಿಮಿಷಕ್ಕೆ ಒಂದು ಚಾರ್ಜು. ಅರ್ಜೆಂಟಿಗೆ ಎರಡು ಪಟ್ಟು, ಎಲ್ಲಕ್ಕಿಂತ ಬೇಗ ಕೊಡುವ ಲೈಟ್ನಿಂಗ್ ಕಾಲಿಗೆ ಎಂಟು ಪಟ್ಟು. ಒಂದು ಆಷಾಢದ ರಾತ್ರಿ ತೋಟದ ಮನೆಯ ಅಜ್ಜಿಯೊಬ್ಬರು ಮಗಳ ಹೆರಿಗೆ ಸುದ್ದಿಗೆ ಕಾಯುತ್ತಿದ್ದರು. ಲೈನ್ ಸಿಕ್ಕಿತು, ಆದರೆ ಅಳಿಯನ ಮಾತು ಅವರಿಗೆ ಕೇಳುತ್ತಿಲ್ಲ. ನನಗೆ ಅಷ್ಟಿಷ್ಟು ಕೇಳುತ್ತಿತ್ತು. ಒಂದೊಂದೇ ಮಾತನ್ನು ದಾಟಿಸಿದೆ.

'ಹೆಣ್ಣು ಮಗುವಂತೆ ಅಜ್ಜೀ.'

'ಮಗಳು ಹೆಂಗಿದಾಳಂತೆ?'

'ಆರಾಮಾಗಿದ್ದಾರಂತೆ.'

'ತೂಕ ಎಷ್ಟಂತೆ ಕೇಳಮ್ಮಾ.'

ಅಷ್ಟೊತ್ತಿಗೆ ಮೂರು ನಿಮಿಷ ಆಗಿತ್ತು. 'ಇನ್ನೂ ಮೂರು ನಿಮಿಷ ಹಾಕ್ಕೋ' ಅಂದರು.

1986ರಲ್ಲಿ ಕಿತ್ತೂರಿನಲ್ಲಿ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಪೋರ್ಟಿನ ಹಳ್ಳಿ ಎಕ್ಸ್‌ಚೇಂಜ್ ಶುರುವಾಯಿತು. ಆಪರೇಟರ್ ಇಲ್ಲದೆ ತಾನೇ ಲೈನ್ ಕೊಡುವಂಥದ್ದು. ನಮ್ಮ ದೇಶದಲ್ಲೇ ಮಾಡಿದ್ದು, ಸೆಖೆ ಧೂಳು ತಡೆಯುತ್ತಿತ್ತು, ಎ.ಸಿ. ಬೇಕಿರಲಿಲ್ಲ. ಕೆಲವು ವರ್ಷಕ್ಕೆ ನಮ್ಮೂರಿಗೂ ಅಂಥದ್ದೇ ಬಂತು. ಹ್ಯಾಂಡಲ್ ಫೋನು ಬಿಚ್ಚಿ ಹೊಸದು ಕೂರಿಸಲು ಲೈನ್‌ಮನ್ ಆ ತೋಟದ ಮನೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ಅಜ್ಜಿಯನ್ನು ನಾನು ಅಲ್ಲಿವರೆಗೆ ನೋಡಿರಲೇ ಇಲ್ಲ. ಅಂಗಳದಲ್ಲಿ ನಿಂತು 'ಅಜ್ಜೀ, ಫೋನು ಬದಲಾಯಿಸೋಕೆ ಬಂದಿದ್ದೀವಿ' ಅಂದೆ. ಒಳಗಿನಿಂದಲೇ ಕೂಗಿದರು: 'ಎಕ್ಸ್‌ಚೇಂಜಿನ ಹುಡುಗಿ ಅಲ್ವಾ ನೀನು? ಒಳಗೆ ಬಾ.'