2ಬಿ ಪರೀಕ್ಷೆಯನ್ನು ಮೊದಲಿಗೇ ತಂದ ನನ್ನ ಅನುಭವ

ಸೆರೊಟೋನಿನ್ 2ಎ ರಿಸೆಪ್ಟರ್‌ಗೆ (ಸೆರೊಟೋನಿನ್ ಬಂದು ಕೂರುವ, ಸೆಲ್ ಮೇಲಿನ ಪ್ರೋಟೀನ್) ಹೊಸ ಔಷಧ ಹುಡುಕುವವರಲ್ಲಿ ಅನೇಕರು 2ಬಿ ಪರೀಕ್ಷೆಯನ್ನು, ಅಂದರೆ ಆ ಔಷಧ ಸೋದರ ರಿಸೆಪ್ಟರ್ 2ಬಿಯನ್ನೂ ಕೆರಳಿಸುತ್ತದೋ ಎಂದು ನೋಡುವುದನ್ನು, ಕೊನೆಗೆ ತಳ್ಳುತ್ತಾರೆ. 2ಬಿ ಕೆರಳುತ್ತಲೇ ಇದ್ದರೆ ಹೃದಯದ ಕವಾಟ ಕೆಡಬಹುದು. ನಾನು ಅದರಿಂದಲೇ ಶುರುಮಾಡುತ್ತೇನೆ ಅಂದಾಗ ನಮ್ಮ ಕೆಮಿಸ್ಟ್‌ಗಳು ನಕ್ಕರು. "ಮೊದಲು ಆಕ್ಟಿವಿಟಿ ಬರಲಿ ಮಾರಾಯ್ರೇ, ಆಮೇಲೆ ಸೇಫ್ಟಿ." ಹೀಗೆ ಕವಾಟ ಕೆಡಿಸಿ ತೂಕ ಇಳಿಸುವ ಔಷಧ ಫೆನ್‌ಫ್ಲುರಮೈನ್ 1997ರಲ್ಲಿ ಮಾರುಕಟ್ಟೆ ಬಿಟ್ಟಿದ್ದು, ಅದೇ ಕಾರಣಕ್ಕೆ 2007ರಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್ ಔಷಧ ಪರ್ಗೊಲೈಡ್ ಹೋಗಿದ್ದು ಅವರಿಗೂ ಗೊತ್ತು. ಆದರೂ ನಕ್ಕರು.

ಮೊದಲು ಬೈಂಡಿಂಗ್ ಕೆಲಸವನ್ನು ಹೊರಗಿನ ಲ್ಯಾಬಿಗೆ ಕೊಟ್ಟೆವು. ವರ್ಷದ ರೀಏಜೆಂಟ್ ದುಡ್ಡಿನ ಹತ್ತಿರಹತ್ತಿರ ಕಾಲುಭಾಗ ಅಲ್ಲೇ ಕರಗಿತು. ಕೈಗೆ ಬಂದಿದ್ದು ಎಷ್ಟು ಬಿಗಿಯಾಗಿ ಅಂಟುತ್ತದೆ ಅನ್ನುವ ಕೆಐ ಸಂಖ್ಯೆಗಳು ಮಾತ್ರ. ಮಾಲಿಕ್ಯೂಲ್ 2ಬಿ ಮೇಲೆ ಕೂರುತ್ತದೆ, ಸರಿ. ಕೂತು ಕೆರಳಿಸುತ್ತದೋ ಸುಮ್ಮನಾಗಿಸುತ್ತದೋ? ಕವಾಟಕ್ಕೆ ಬೇಕಾದ ಉತ್ತರ ಅದೊಂದೇ, ಅದೇ ಅದರಲ್ಲಿ ಇರಲಿಲ್ಲ.

ಆಮೇಲೆ 2ಬಿ ಇಟ್ಟ ಎಚ್‌ಇಕೆ ಸೆಲ್‌ಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ, ಮನುಷ್ಯರ ಕಿಡ್ನಿ ಮೂಲದ ಸೆಲ್‌ಗಳು) ನಾವೇ ಕ್ಯಾಲ್ಸಿಯಂ ಅಳೆದೆವು; ರಿಸೆಪ್ಟರ್ ಕೆರಳಿದರೆ ಸೆಲ್ ಒಳಗೆ ಅದು ಏರುತ್ತದೆ. ಸೆರೊಟೋನಿನ್ ಡೋಸ್ ಏರಿಸುತ್ತಾ ಬಿಡಿಸಿದ ಕರ್ವ್ ಒಂದು ವಾರ ಚೆಂದ, ಇನ್ನೊಂದು ವಾರ ಚಪ್ಪಟೆ. ಡೈ ಬದಲಾಯಿಸಿದೆವು, ಡೈ ಸೆಲ್‌ನಿಂದ ಸೋರದಂತೆ ತಡೆಯುವ ಪ್ರೊಬೆನೆಸಿಡ್ ಹೊಸದು ತರಿಸಿದೆವು, ಪ್ಲೇಟ್ ರೀಡರ್ ರಿಪೇರಿಯವರನ್ನೂ ಕರೆಸಿದೆವು. ಎಲ್ಲ ದಂಡ. ಕಳ್ಳ ಕೂತಿದ್ದು ಸೆಲ್ ಬೆಳೆಸಲು ಹಾಕುವ ಸೀರಮ್‌ನಲ್ಲಿ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಬಿಡುವ ಸೆರೊಟೋನಿನ್ ಸೀರಮ್‌ನಲ್ಲಿ ಉಳಿದಿರುತ್ತದೆ. ರಾತ್ರಿಯಿಡೀ ಅದರಲ್ಲಿ ನೆನೆದ ರಿಸೆಪ್ಟರ್ ಬೆಳಿಗ್ಗೆ ನಮ್ಮ ಡೋಸ್‌ಗೆ ಏಳುವುದೇ ಇಲ್ಲ. ಒಂದೊಂದು ಲಾಟ್‌ನಲ್ಲಿ ಒಂದೊಂದು ಪ್ರಮಾಣ, ಹಾಗಾಗಿ ಈ ಕುಣಿತ. ಡಯಲೈಸ್ ಮಾಡಿದ, ಅಂದರೆ ಸಣ್ಣ ಮಾಲಿಕ್ಯೂಲ್‌ಗಳನ್ನು ಸೋಸಿ ತೆಗೆದ, ಸೀರಮ್‌ಗೆ ಹೋದೆವು. ದುಬಾರಿ, ಆದರೆ ಕರ್ವ್ ಕದಲದೆ ನಿಂತಿತು. ಚಾರ್ಕೋಲ್‌ನಲ್ಲಿ ಶೋಧಿಸಿದ್ದನ್ನೂ ನೋಡಿದೆ. ನಮ್ಮ ಸೆಲ್‌ಗಳು ಸೊರಗಿದವು. ಕುತೂಹಲಕ್ಕೆ ಡಯಲೈಸ್ ಮಾಡಿದ ಸೀರಮ್‌ಗೇ ನೂರು ನ್ಯಾನೊಮೋಲಾರ್‌ನಷ್ಟು ಸೆರೊಟೋನಿನ್ ಹಾಕಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಸಿಗ್ನಲ್ ಅರ್ಧಕ್ಕಿಂತ ಕೆಳಗೆ. ನಗುತ್ತಿದ್ದವರಿಗೆ ತೋರಿಸಿದ್ದು ಈ ಪ್ಲೇಟನ್ನೇ.

ಕ್ಯಾಲ್ಸಿಯಂ ಒಂದನ್ನೇ ನಂಬಬೇಡಿ. ಅದು ಕೆಲವು ಸೆಕೆಂಡುಗಳಲ್ಲಿ ಏರಿ ಇಳಿಯುತ್ತದೆ. ಎಲ್‌ಎಸ್‌ಡಿ ಥರ ನಿಧಾನವಾಗಿ ಕೂತು, ಏಳದೆ ಉಳಿಯುವ ಮಾಲಿಕ್ಯೂಲ್ ಅಲ್ಲಿ ಸಾಧುವಾಗಿ ಕಾಣುತ್ತದೆ. (ಎಲ್‌ಎಸ್‌ಡಿ ಒಳಗೆ ಸೇರಿದಾಗ 2ಬಿಯ ಹೊರಗಿನ ಲೂಪ್ ಮುಚ್ಚಳದಂತೆ ಕವಿದುಕೊಳ್ಳುವುದನ್ನು 2017ರ ರಚನೆ ತೋರಿಸಿದೆ.) ರಿಸೆಪ್ಟರ್ ಕೆರಳಿದಾಗ ಸೆಲ್ ಒಳಗೆ ಹುಟ್ಟುವ ಐಪಿ1 ಎಂಬ ವಸ್ತುವನ್ನು, ಒಡೆದುಹೋಗದಂತೆ ಲಿಥಿಯಂ ಕ್ಲೋರೈಡ್ ಹಾಕಿ, ಶೇಖರಿಸಿ ನೋಡಿದರೆ ಬಣ್ಣ ಬಯಲು. ಕೆಮಿಸ್ಟ್‌ಗಳ ಮುದ್ದಿನ ಸರಣಿಯ ಒಂದು ಮಾಲಿಕ್ಯೂಲ್ ಕ್ಯಾಲ್ಸಿಯಂನಲ್ಲಿ ಪೂರ್ತಿ ಶುದ್ಧ, ಐಪಿ1ನಲ್ಲಿ ಸೆರೊಟೋನಿನ್‌ನ ಶೇಕಡಾ ನಲವತ್ತರ ಹತ್ತಿರ. ಆ ಸರಣಿ ಅಲ್ಲಿಗೆ ಮುಗಿಯಿತು.

ಸೆಲ್ ಮೇಲಿನ ರಿಸೆಪ್ಟರ್ ಸಾಂದ್ರತೆಯನ್ನೂ ಇಳಿಸಬೇಕು. ವಿಪರೀತ ಇದ್ದರೆ ಪಾರ್ಶಿಯಲ್ ಅಗೊನಿಸ್ಟ್ (ಅರೆಬರೆ ಕೆರಳಿಸುವ ಮಾಲಿಕ್ಯೂಲ್) ಕೂಡ ಫುಲ್ ಆಗಿ ಮೆರೆಯುತ್ತದೆ. ನಮ್ಮದು ಟೆಟ್ರಾಸೈಕ್ಲಿನ್‌ನಿಂದ ಚಾಲೂ ಆಗುವ ಸೆಲ್ ಲೈನ್. ಎಷ್ಟು ಹಾಕುತ್ತೇನೆ, ಎಷ್ಟು ಹೊತ್ತು ಬಿಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಸೆರೊಟೋನಿನ್ ಸ್ಟಾಕ್‌ಗೆ ಆಸ್ಕಾರ್ಬಿಕ್ ಆಸಿಡ್ ಹಾಕಿ, ಇಲ್ಲದಿದ್ದರೆ ಆಕ್ಸಿಡೈಸ್ ಆಗುತ್ತದೆ. ಪ್ರತಿ ಪ್ಲೇಟಿನಲ್ಲೂ 2ಬಿ ಕೆರಳಿಸುವ ನಾರ್‌ಫೆನ್‌ಫ್ಲುರಮೈನ್‌ಗೆ (ಫೆನ್‌ಫ್ಲುರಮೈನ್ ದೇಹದಲ್ಲಿ ಬದಲಾಗಿ ಆಗುವ ವಸ್ತು) ಒಂದು ಕಾಲಂ, 2ಬಿ ತಡೆಯಲು ಆರ್‌ಎಸ್-127445 ಎಂಬ ಮಾಲಿಕ್ಯೂಲ್.

ಪಟ್ಟಿಯ ಮೂರರಲ್ಲೊಂದು ಪಾಲು ಪ್ರಾಣಿ ಪ್ರಯೋಗಕ್ಕೆ ಮುಂಚೆಯೇ ಉದುರಿತು. ಉಳಿದ ದುಡ್ಡಲ್ಲಿ ಎರಡನೇ ಸೆಲ್ ಲೈನ್ ಮಾಡಿಸಿದೆ. ಫೆನ್‌ಫ್ಲುರಮೈನ್ 2020ರಲ್ಲಿ ಡ್ರಾವೆಟ್ ಸಿಂಡ್ರೋಮ್‌ಗೆ (ಎಳವೆಯಲ್ಲೇ ಶುರುವಾಗುವ ತೀವ್ರ ಮೂರ್ಛೆರೋಗ) ವಾಪಸ್ ಬಂತಲ್ಲ ಅಂತ ಒಬ್ಬ ಕೆಮಿಸ್ಟ್ ಈಗಲೂ ವಾದಿಸುತ್ತಾನೆ. ಬಂತು, ಕಡಿಮೆ ಡೋಸ್‌ನಲ್ಲಿ, ಹೃದಯದ ಎಕೋ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕೆಂಬ ಷರತ್ತಿನ ಮೇಲೆ. ನಮ್ಮದು ಖಿನ್ನತೆಗೆ ಅಂತ ಮಾಡುತ್ತಿರುವ ಮಾಲಿಕ್ಯೂಲ್. ಆ ಷರತ್ತು ಒಪ್ಪುವ ವೈದ್ಯರನ್ನು ಅವನೇ ಹುಡುಕಿಕೊಡಲಿ. ಅಲ್ಲಿಯವರೆಗೆ ಅವನ ಹೊಸ ಸ್ಯಾಂಪಲ್‌ಗಳೂ ಮೊದಲು ನನ್ನ ಪ್ಲೇಟಿಗೇ ಬರುತ್ತವೆ.